ಚಾರ್ಜು ವಹಿಸುವಾಗ

ನೀಲಿ ರಟ್ಟಿನ ವಹಿ, ಮೇಜಿನ ಎಡ ಖಾನೆ.
ಬೀಗ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಎತ್ತಿ ತಿರುಗಿಸು.
ಹನ್ನೊಂದು ಹೆಸರು. ಹತ್ತರದು ಅಲ್ಲೇ ಬರೆದಿದ್ದೇನೆ.
ಮಂಕಾಳನದು ಬರೆದರೆ ತಿಳಿಯುವುದಿಲ್ಲ, ಕೇಳಿಕೋ.

ಬೆಳಿಗ್ಗೆ ಫೋನು ಬೇಡ.
ಬೈತಖೋಲಕ್ಕೆ ಬೋಟು ಬಂದು, ಮೀನು ಇಳಿದು,
ಬಲೆ ಒಣಗಲು ಬಿದ್ದ ಮೇಲೆ ಮಾಡು.
ಬಂಗಡೆ ಸಣ್ಣದು, ಡೀಸೆಲ್ ತುಟ್ಟಿ, ತಾಂಡೇಲ ಕಳ್ಳ
ಅಂತ ಬೈಯುತ್ತಿದ್ದರೆ ಬೈಯಲಿ. ಅದು ಒಳ್ಳೆಯ ದಿನ.
‘ಎಲ್ಲ ಅಡ್ಡಿಲ್ಲ ಸಿಸ್ಟರ್’ ಅಂದನೋ,
ಕುರ್ಚಿ ಎಳೆದುಕೊಂಡು ಕೂತುಕೋ.
ಸುತ್ತಿ ಬಳಸಬೇಡ.
ಸಾಯಬೇಕು ಅನಿಸುತ್ತಿದೆಯಾ ಅಂತಲೇ ಕೇಳು.
ಕೇಳಿದ್ದಕ್ಕೆ ಯಾರೂ ಸಾಯುವುದಿಲ್ಲ;
ನಾನೂ ಮೊದಲ ಸಲ ಮೇಜು ಹಿಡಿದುಕೊಂಡೇ ಕೇಳಿದ್ದು.

ಗುಳಿಗೆ ಪೆಡ್ನೇಕರರ ಅಂಗಡಿಯಲ್ಲಿ, ವಾರಕ್ಕೆ ಎಷ್ಟೋ ಅಷ್ಟೇ.
ಅಕ್ಕ ದುರ್ಗಿ ಇರುವುದು ಮುದಗಾದಲ್ಲಿ;
ಓದು ಬಾರದು, ಹಸಿರು ಗುಂಡಿ ಒತ್ತಲು ಬರುತ್ತದೆ.
ಡಾಕ್ಟರು ಮಂಗಳವಾರ ಮಾತ್ರ. ಅವತ್ತು ಬಸ್ಸು ತಪ್ಪಿದರೆ
ರಿಕ್ಷಾದ ಇನಾಸನಿಗೆ ಹೇಳು, ಕರೆತರುತ್ತಾನೆ,
ದುಡ್ಡು ಕೇಳುವುದಿಲ್ಲ.
ಅವನ ಹೆಸರೂ ಇದೇ ವಹಿಯಲ್ಲಿತ್ತು,
ಹಳೆಯ ಪುಟ, ಅಂಚು ಮಡಚಿದ್ದು.

ಭಾನುವಾರ ನೀನು ಮಾಡಬೇಡ.
ಸಂಜೆ ಒಂದು ಮಿಸ್ಡ್ ಕಾಲ್ ಬರುತ್ತದೆ, ಒಂದೇ ರಿಂಗು.
ಎತ್ತಬೇಡ, ಎತ್ತಿದರೆ ನಾಚುತ್ತಾನೆ.
‘ಇದ್ದೇನೆ’ ಅನ್ನುವುದು ಅವನು ಹಾಗೆ.

ದೀಪ ಹಚ್ಚುವ ಹೊತ್ತಾದರೂ ಬಾರದಿದ್ದರೆ
ದುರ್ಗಿಗೆ. ಇನಾಸನಿಗೆ. ಆಮೇಲೆ ನನಗೆ.
ರಜೆ ಅಂತ ನೋಡಬೇಡ.