ಏಳನೇ ನಂಬರಿನ ಕೋಟು

ನನ್ನ ಕೌಂಟರಿನ ಹಿಂದೊಂದು ಕಬ್ಬಿಣದ ಬೀರು.
ಅದರ ಬೀಗದ ಕೈ ನನ್ನ ಕೊರಳಲ್ಲೇ ಇದೆ,
ಇಪ್ಪತ್ತೆರಡು ವರ್ಷದಿಂದ.
ಒಳಗೆ ಕಡತಗಳಿಲ್ಲ. ಕೋಟುಗಳಿವೆ,
ಹೋದವರು ಬಿಟ್ಟದ್ದು, ಬಂದವರು ತೊಡುವುದು,
ಕಾಲರಿನ ಒಳಗೆ ಒಂದೊಂದಕ್ಕೂ ಹೊಲಿದ ನಂಬರು.

ಸೆಪ್ಟೆಂಬರಿನಲ್ಲಿ ಯಾರೂ ಕೇಳುವುದಿಲ್ಲ.
ಆಗಿನ ಗೋಳು ಬೇರೆ:
ಗುರುತಿನ ಸಂಖ್ಯೆ ಇಲ್ಲದೆ ಮನೆ ಇಲ್ಲ,
ಮನೆ ಇಲ್ಲದೆ ಗುರುತಿನ ಸಂಖ್ಯೆ ಇಲ್ಲ,
ಈ ಗಂಟಿನ ತುದಿ ಎಲ್ಲಿ, ಮಾರ್ಕೆಟ್ಟಾ?
ತುದಿ ನನಗೆ ಗೊತ್ತು. ಒಂದು ಫೋನು, ಎರಡು ಸಹಿ,
ಮೂರನೇ ಮಹಡಿಯ ಪಿರ್ಕ್ಕೊ ನಕ್ಕರೆ
ಸಂಜೆಯೊಳಗೆ ಬಿಚ್ಚುತ್ತದೆ.

ಅಕ್ಟೋಬರಿನ ಕೊನೆಗೆ ಯೋಎನ್ಸೂ ಊರಿನ ಹೊಳೆ
ದಂಡೆಯಲ್ಲಿ ಗಾಜು ಕಟ್ಟುತ್ತದೆ.
ಆಗ ಬರುತ್ತಾರೆ, ಒಬ್ಬೊಬ್ಬರೇ,
ಬೇರೇನೋ ಕೇಳುವ ನೆಪ ಮಾಡಿಕೊಂಡು.
ಪರಾಗ್ವೆಯ ಅರಾಮಿ ತೋಳು ಉಜ್ಜಿಕೊಳ್ಳುತ್ತ
ಗ್ರಂಥಾಲಯ ಎಷ್ಟಕ್ಕೆ ಮುಚ್ಚುತ್ತದೆ ಎನ್ನುತ್ತಾಳೆ.
ನಾನು ಬೀರು ತೆರೆಯುತ್ತೇನೆ.

ಸಾಹಿಬ್‌ನಜರ್ ಬಂದದ್ದು ಖೊರೋಗ್‌ನಿಂದ,
ಪಾಮಿರ್ ಬೆಟ್ಟದವನು, ಹಿಮ ಜಾರುವುದನ್ನು ಅಳೆಯುವವನು,
ಎರಡು ವರ್ಷದ ಅತಿಥಿ ಸಂಶೋಧಕ.
"ಇದೂ ಚಳಿಯೇ? ನಿಮ್ಮದು ಚಪ್ಪಟೆ ಚಳಿ" ಎಂದು ನಕ್ಕ.
ಆದರೂ ಏಳನೇ ನಂಬರು ಒಯ್ದ.
ಹಳೇ ಕಾಲದ್ದು, ಹತ್ತಿ ತುಂಬಿದ್ದು,
ಮರ ಕಡಿಯಲು ಹೋಗುವಾಗ ನನ್ನಪ್ಪ ತೊಡುತ್ತಿದ್ದದ್ದು.
ಅಪ್ಪನದೆಂದು ನಾನು ಯಾರಿಗೂ ಹೇಳಿಲ್ಲ.

ಮರುವರ್ಷದ ನವೆಂಬರು. ಮೂರೂವರೆಗೇ ಕತ್ತಲೆ.
ಕೌಂಟರು ಮುಚ್ಚುವ ಹೊತ್ತಿಗೆ ಬಂದು ನಿಂತ.
"ಈಗ ಹೋದರೆ ಮತ್ತೆ ಒಳಗೆ ಬರಬಹುದೆ?"
ಹಳೆಯ ಪರವಾನಗಿ ಮುಗಿದಿತ್ತು, ಹೊಸದು ಬಂದಿರಲಿಲ್ಲ.
ಬಾಯಿಪಾಠದ ಉತ್ತರ ಒಪ್ಪಿಸಿದೆ:
ಹೋಗಬಹುದು. ಬರುವುದು ಖಾತ್ರಿಯಿಲ್ಲ.
ತಲೆಯಾಡಿಸಿದ. ಬಾಗಿಲ ತನಕ ಹೋಗಿ
ತಿರುಗಿ ಕೇಳಿದ, ಬಸ್ಸಿನ ವೇಳೆ ಕೇಳುವಂತೆ:
"ದೂರದಲ್ಲಿ ಸತ್ತವರಿಗಾಗಿ ನೀವು ಎಲ್ಲಿಗೆ ಹೋಗುತ್ತೀರಿ?"

ತಾಯಿ. ಬೆಳಗಿನ ಜಾವ. ಅಣ್ಣನ ಫೋನು.

ಇದಕ್ಕೆ ನನ್ನಲ್ಲಿ ಅರ್ಜಿಯ ನಮೂನೆ ಇರಲಿಲ್ಲ.
ಕಂಪ್ಯೂಟರು ಆರಿಸಿ ಟೋಪಿ ಹಾಕಿಕೊಂಡೆ.

ನಮ್ಮೂರ ಸ್ಮಶಾನದಲ್ಲೊಂದು ಕಲ್ಲಿದೆ,
ಅದರಡಿ ಯಾರೂ ಇಲ್ಲ.
ಬೇರೆಲ್ಲೋ ಮಣ್ಣಾದವರಿಗಾಗಿ ನಿಲ್ಲಿಸಿದ್ದು.
ಅಜ್ಜಿ ಪ್ರತಿ ಚಳಿಗಾಲ ಅದರ ಮುಂದೆ ನಿಲ್ಲುತ್ತಿದ್ದಳು:
ಅವಳ ತಾಯಿ ಕರೇಲಿಯದಲ್ಲಿ ಉಳಿದವಳು.
ಯುದ್ಧ ಮುಗಿದಾಗ ಗಡಿಯ ಗೆರೆ ಸರಿಯಿತು,
ಗೋರಿಗಳು ಸರಿಯಲಿಲ್ಲ.

ದಾರಿಯ ಪೆಟ್ರೋಲ್ ಬಂಕಿನಲ್ಲಿ ಮೇಣದಬತ್ತಿ ಕೊಂಡೆ,
ಕೊಂಡಮೇಲೆ ಅಳುಕಿದೆ. ಅವನ ಕಡೆ ಇದು ಸಲ್ಲುತ್ತದೋ ಇಲ್ಲವೋ;
ಕಚೇರಿಯ ಕೈಪಿಡಿಯಲ್ಲಿ ಹಬ್ಬಗಳ ಪಟ್ಟಿಯಿದೆ,
ಸಾವಿನ ಪುಟವಿಲ್ಲ.
ಕೇಳಿಯೇಬಿಟ್ಟೆ.
"ನಮ್ಮಲ್ಲೂ ದೀಪವೇ" ಎಂದ.
"ಆದರೆ ಬತ್ತಿ ಕೊಳ್ಳುವುದಿಲ್ಲ, ಹೊಸೆಯುತ್ತೇವೆ.
ಹಿರಿಯರು ಹೊಸೆಯುತ್ತಾರೆ, ಸುತ್ತ ಕೂತವರು ಹಾಡುತ್ತಾರೆ."

ಕಲ್ಲಿನ ಮುಂದೆ ಮಂಡಿಯೂರಿ, ಕೈಗವಸು ಕಳಚಿ,
ಕೋಟಿನ ಒಳಬಟ್ಟೆ ಹರಿದಲ್ಲಿ ಬೆರಳು ತೂರಿಸಿ
ಒಂದೆಳೆ ಹತ್ತಿ ಎಳೆದ.
"ಪರವಾಗಿಲ್ಲವೆ? ವಿಶ್ವವಿದ್ಯಾಲಯದ ಆಸ್ತಿ."
ಪರವಾಗಿಲ್ಲ ಎಂದೆ.
ಅಂಗೈಗಳ ನಡುವೆ ಹೊಸೆದ. ತುಟಿ ಅಲುಗುತ್ತಿತ್ತು.
ನಾನು ತಂದ ಮೇಣ ಕರಗಿ ಹೊಂಡ ಕಟ್ಟುವ ತನಕ ಕಾದು
ಅದರಲ್ಲಿ ತನ್ನ ಬತ್ತಿ ಅದ್ದಿ ನೆಟ್ಟ.
ಎರಡು ಸಲ ಗಾಳಿ ಆರಿಸಿತು.
ಮೂರನೇ ಸಲ ನಾನು ಗಾಳಿಗೆ ಬೆನ್ನು ಕೊಟ್ಟು ನಿಂತೆ.
ಕಾಲು ಮರಗಟ್ಟುವ ತನಕ ಉರಿಯಿತು.

ಪರವಾನಗಿ ಬಂದದ್ದು ಫೆಬ್ರವರಿಯಲ್ಲಿ.
ಮೇ ತಿಂಗಳಲ್ಲಿ ಕೋಟು ವಾಪಸು ಬಂತು, ಒಗೆದು, ಮಡಿಸಿ,
ಜೇಬಿನಲ್ಲಿ ಒಂದು ಹಿಡಿ ಒಣ ಹಿಪ್ಪುನೇರಳೆ.

ಈ ಸಲ ಮಡಗಾಸ್ಕರಿನ ರೀವು ಅದನ್ನೇ ಆರಿಸಿದ.
"ಎಡಗಡೆ ಗಾಳಿ ನುಗ್ಗುತ್ತದೆ" ಎಂದು ನಿನ್ನೆ ದೂರಿದ.
ಸೂಜಿ ದಾರ ನನ್ನ ಡ್ರಾಯರಿನಲ್ಲೇ ಇದೆ.
ಹೊಲಿಯಬೇಕು. ಸೋಮವಾರ ತಾ, ಹೊಲಿಯುತ್ತೇನೆ.
ಅಲ್ಲಿಯವರೆಗೆ
ಅಲ್ಲೊಂದು ಕೈ ಇಟ್ಟುಕೋ ಎಂದೆ.