ಹಗ್ಗದ ಈ ತುದಿ

ವಾರವಿಡೀ ನಾನು ಗಂಜಿನ ದಾಲ್‌ಮಿಲ್ಲಿನಲ್ಲಿ ತೂಕದವಳು.
ತೊಗರಿ ಚೀಲ ಕಾಟಾದ ಮೇಲೆ ಕೂತರೆ
ಮುಳ್ಳು ನಿಲ್ಲುವ ಮೊದಲೇ ಹೇಳುತ್ತೇನೆ:
ಐವತ್ತು, ಒಂದಿಷ್ಟು ಕಮ್ಮಿ.
ಹಮಾಲರು ನಗುತ್ತಾರೆ,
"ಶಾಹಿದಾ ಅಕ್ಕನ ಕಣ್ಣಾಗ ತಕ್ಕಡಿ ಅದ."

ಕಣ್ಣಲ್ಲಲ್ಲ, ಸೊಂಟದಲ್ಲಿ.
ಆದಿತ್ಯವಾರ ಯಾದಗಿರಿ ಕೋಟೆಗುಡ್ಡದ ಹಿಂದೆ
ಮೋನಮ್ಮ ಬಂಡೆ ಹತ್ತುವಾಗ
ಹಗ್ಗದ ಈ ತುದಿಗೆ ನಾನು.
ಮೊದಲ ವರ್ಷ ಅವಳು ಜಾರಿದರೆ
ನನ್ನನ್ನು ಎರಡು ಮೊಳ ಎತ್ತಿಬಿಡುತ್ತಿದ್ದಳು,
ಕಲ್ಲಿಗೆ ಉಜ್ಜಿ ಕಮೀಜಿನ ತೋಳು ಹರಿದಿತ್ತು.
ಆಮೇಲೆ ಒಂದು ಮೊಳ.
ಆಮೇಲೆ ಹಿಮ್ಮಡಿ ಮಾತ್ರ.
ಹೋದ ದೀಪಾವಳಿಗೆ ಬಿದ್ದಾಗ
ನನ್ನ ಚಪ್ಪಲಿ ನೆಲ ಬಿಡಲೇ ಇಲ್ಲ.

ಅವಳಪ್ಪ ಕಲ್ಲು ಒಡೆಯುವವನು.
ಸಂದು ಹುಡುಕಿ ಉಳಿ ಇಟ್ಟನೆಂದರೆ
ಬಂಡೆ ಒಣರೊಟ್ಟಿಯಂತೆ ಎರಡಾಗುತ್ತದೆ.
ಮಗಳು ಅಂಥದೇ ಸಂದಿನಲ್ಲಿ ಎರಡು ಬೆರಳಿಟ್ಟು
ಇಡೀ ಮೈ ತೂಗುಬಿಡುತ್ತಾಳೆ.
ಪೇಪರಿನಲ್ಲಿ ಬೆನ್ನಿನ ಫೋಟೋ ಬಂತು.
ಎಲುಬು ಎಣಿಸಬಹುದಿತ್ತು.
ಊರೆಲ್ಲ ಅಂದಿತು, ಏನು ಮೈಕಟ್ಟು!

ಪುಣೆಯಿಂದ ಕೋಚಿನ ಫೋನು:
ಒಂದು ಕಿಲೋ ಇಳಿದರೆ ಒಂದು ಮೆಟ್ಟಿಲು ಏರುತ್ತಿ.
ಲೆಕ್ಕ ಸರಳ.
ಹಾಗಿದ್ದರೆ ಏನೂ ಉಳಿಯದವಳು
ಎಲ್ಲರಿಗಿಂತ ಮೇಲೆ ಇರಬೇಕು.

ನಾನೇನು ಕಮ್ಮಿ?
ಶನಿವಾರ ಮಿಲ್ಲು ನಿಂತ ಮೇಲೆ ಬರುತ್ತಿದ್ದಳು.
ಚಪ್ಪಲಿ ಬಿಟ್ಟು, ಬಳೆ ತೆಗೆದು, ಉಸಿರನ್ನೂ ಹೊರಗೆ ಹಾಕಿ
ತೊಗರಿ ಧೂಳಿನ ಕಾಟಾದ ಮೇಲೆ ನಿಲ್ಲುತ್ತಿದ್ದಳು.
ರೈತರಿಗೆ ಕೊಡುವ ಚೀಟಿಯಲ್ಲೇ ಬರೆದುಕೊಟ್ಟೆ,
'ಮಾಲು' ಎಂಬಲ್ಲಿ ಖಾಲಿ ಬಿಟ್ಟು:
ನಲವತ್ತಾರು.
ನಲವತ್ಮೂರೂವರೆ.
ನಲವತ್ತು.
ಶಭಾಷ್ ಅಂತಲೂ ಅಂದೆ.
ಒಂದು ಸಲ.
ಇಲ್ಲ, ಎರಡು ಸಲ.

"ಎಂಟು ತಿಂಗಳಾತು ಮುಟ್ಟಾಗಿಲ್ಲ,
ಕಾಂಪಿಟಿಷನ್ನಿಗೆ ಛಲೋನೇ ಆತು," ಎಂದು ನಕ್ಕಳು.
ನಾನೂ ನಕ್ಕೆನೇನೋ.
ಬಂಡೆಯ ಸುಣ್ಣದ ಪುಡಿಯ ಚೀಲ ಕೊಡವುವಾಗ
ಅವಳವ್ವನಿಗೆ ರೊಟ್ಟಿ ಚೂರು ಸಿಕ್ಕವು,
ಬೆಳ್ಳಗೆ, ನಾಕು ದಿನದ್ದು.
ಪುಂಡಿಪಲ್ಯ ಹಚ್ಚಿ ತಾನೇ ಮಡಚಿ ಕೊಟ್ಟಿದ್ದು.

ಚಳಿಗಾಲಕ್ಕೆ ಕಾಲಿನ ಎಲುಬು ಬಿರಿಯಿತು,
ಬಿದ್ದದ್ದಲ್ಲ, ಸುಮ್ಮನೆ ನಡೆಯುವಾಗ.
ಎಕ್ಸ್‌ರೇ ಬಿಸಿಲಿಗೆ ಹಿಡಿದು
ಅವಳಪ್ಪ ಬಹಳ ಹೊತ್ತು ನೋಡಿದ.
"ಸಂದು ಬಂದದ," ಅಂದ.
"ಕಲ್ಲಾಗಿದ್ರ ಇಲ್ಲೇ ಉಳಿ ಇಡ್ತಿದ್ದೆ."
ಮಡಚಿ ಜೇಬಿಗೆ ಹಾಕಿಕೊಂಡ.
ಆರು ವಾರ ಹತ್ತಲಿಲ್ಲ ಎಂದು
ಅವಳು ಆರು ವಾರ ಇನ್ನೂ ಕಮ್ಮಿ ಉಂಡಳು.

ಈಗ ರಂಜಾನು.
ನನ್ನ ಉಪವಾಸಕ್ಕೆ ಸಂಜೆ ಎಂಬುದೊಂದಿದೆ,
ಮಸೀದಿಯ ಸೈರನ್ನು ಕೂಗಿದರೆ ಮುಗಿಯಿತು.
ಅವಳದಕ್ಕೆ ಯಾರು ಕೂಗುತ್ತಾರೆ?

ಗುಡ್ಡದ ಮೇಲೆ ಕೂತಿದ್ದೆವು, ಕೆಳಗೆ ದೀಪ ಹತ್ತುತ್ತಿದ್ದವು.
ಸೈರನ್ನು ಬಂತು.
ಒಂದು ಖರ್ಜೂರ ನನಗೆ, ಒಂದು ಅವಳ ಅಂಗೈಗೆ.
ತಿರುಗಿಸಿ ತಿರುಗಿಸಿ ನೋಡಿದಳು.
"ಇದರ ತೂಕ ಎಷ್ಟು ಶಾಹಿದಾ?"

ನನಗೆ ಗೊತ್ತಿತ್ತು.
ಹನ್ನೊಂದು ವರ್ಷ ಕಾಟಾದ ಮುಂದೆ ನಿಂತ ಬಾಯಿ
ತಾನೇ ತೆರೆಯಿತು.
ಮುಚ್ಚಿದೆ.
"ಗೊತ್ತಿಲ್ಲವ್ವ," ಅಂದೆ.
ರೋಜಾ ಬಿಟ್ಟ ನಾಲಿಗೆಯ ಮೇಲೆ
ಮೊದಲು ಬಿದ್ದದ್ದು ಸುಳ್ಳು.

ಅರ್ಧ ಕಚ್ಚಿದಳು.
ಉಳಿದರ್ಧ ಕರ್ಚೀಫಿನಲ್ಲಿ ಸುತ್ತಿಟ್ಟಳು.
ಬೀಜ ಬಾಯಲ್ಲೇ ಇತ್ತು, ಗುಡ್ಡ ಇಳಿಯುವವರೆಗೂ.

ಶನಿವಾರ ಬಂದಳು.
ಕಾಟಾದ ಮೇಲೆ ಖಾಲಿ ಚೀಲ ಹೊದಿಸಿದ್ದೆ.
"ಕೆಟ್ಟದ."
ಗೋಡೆಯಾಚೆ ಹಮಾಲರು ಎರಡನೇ ಕಾಟಾದಲ್ಲಿ ತೂಗುತ್ತಿದ್ದರು,
ಸದ್ದು ಇಬ್ಬರಿಗೂ ಕೇಳುತ್ತಿತ್ತು.
ಏನೂ ಅನ್ನದೆ ಹೋದಳು.
ಬೇರೆ ಮಿಲ್ಲಿಗೆ ಹೋದಳೋ, ಮನೆಗೋ.

ಆದಿತ್ಯವಾರ ಅದೇ ಬಂಡೆ.
ಮೇಲಿನ ಮೂಲೆಯಲ್ಲಿ ಕಾಲು ತಪ್ಪಿತು.
ಹಗ್ಗ ಬಿಗಿಯಿತು.
ನನ್ನ ಹಿಮ್ಮಡಿ ಒಂದಿಷ್ಟು ಎದ್ದಂತಾಯಿತು,
ಗಾಳಿಯೂ ಇತ್ತು.
ಬರೆದುಕೊಳ್ಳಲಿಲ್ಲ.