ಕೊನೆಯ ನಲವತ್ತು ಪುಟ

ಕುತೈಸಿಯ ನಮ್ಮ ಮನೆಯಲ್ಲಿ ಭಾನುವಾರ ಮೊದಲು ಏಳುವುದು ಒಲೆ.
ಹೊತ್ತಿಸುವವನು ಎಲಿಜ್ಬಾರ್.
ಹೊತ್ತಿಸಿದವನೇ ಮತ್ತೆ ರಗ್ಗಿನೊಳಗೆ ನುಸುಳಿ
ಮಂಜುಗಡ್ಡೆಯಂಥ ಪಾದ ನನ್ನ ಮೀನಖಂಡಕ್ಕೆ ಒತ್ತುತ್ತಾನೆ.
ಬೈಯುತ್ತೇನೆ.
ಮೂವತ್ತೈದು ವರ್ಷದಿಂದ ಅದೇ ಬೈಗುಳ,
ಒಂದಕ್ಷರ ಆಚೀಚೆ ಇಲ್ಲ.

ಒಲೆಯ ತಗಡಿನ ಮೇಲೆ ಕಿತ್ತಳೆ ಸಿಪ್ಪೆ
ಸುರುಟಿ, ಅಂಚು ಕಪ್ಪಾಗಿ,
ಕೋಣೆಗೆಲ್ಲ ಚಾಡಿ ಹೇಳುತ್ತದೆ.
ಹೊರಗೆ ರಿಯೋನಿ ನದಿ ಬಿಳಿ ಕಲ್ಲುಗಳ ಮೇಲೆ
ಯಾರನ್ನೋ ಗದರಿಕೊಂಡು ಓಡುತ್ತಿದೆ.
ಓಡಲಿ. ನಮಗೇನು ಅವಸರ?

ಒಂದು ಪುಸ್ತಕ, ಇಬ್ಬರು ಓದುಗರು, ಒಂದೂವರೆ ಕನ್ನಡಕ:
ಅವನದಕ್ಕೆ ಒಂದು ಕಡೆ ಕಡ್ಡಿಯಿಲ್ಲ, ದಾರ ಕಟ್ಟಿದ್ದೇನೆ.
ನನ್ನದು ಗಬಗಬ ಓದು,
ಅವನು ಸಾಲನ್ನು ಮೂಳೆಯ ಹಾಗೆ ಚೀಪುತ್ತಾನೆ.
ಪುಟದ ತುದಿಗೆ ಬಂದು ಕಾಯುತ್ತೇನೆ.
ಚಾವಣಿಯ ತೇವದ ಕಲೆ ನೋಡುತ್ತೇನೆ;
ಹೋದ ವರ್ಷ ಅದು ಬಾತುಕೋಳಿ, ಈಗ ಪಾದ್ರಿ.
ಅವನ ತುಟಿ ಅಲುಗುವುದನ್ನು ನೋಡುತ್ತೇನೆ.
"ಹೂಂ" ಅನ್ನುತ್ತಾನೆ. ಮಗುಚುತ್ತೇನೆ.
ನನ್ನನ್ನು ಕೇಳಿದರೆ
ಸುಖ ಇರುವುದು ಆ "ಹೂಂ"ಗೆ ತುಸು ಮುಂಚೆ.

ತೊಂಬತ್ಮೂರರ ಚಳಿಯಲ್ಲಿ ಕರೆಂಟಿಲ್ಲ, ಗ್ಯಾಸಿಲ್ಲ,
ಬೇಕರಿ ಮುಂದೆ ನಸುಕಿನಿಂದ ಸಾಲು.
ಮೊದಲು ಕುರ್ಚಿ ಸುಟ್ಟೆವು, ಆಮೇಲೆ ಬೀರುವಿನ ಬಾಗಿಲು,
ಆಮೇಲೆ ಕಪಾಟಿನ ಎದುರು ನಿಂತು
ಪಾಪಿಗಳ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡೆವು.
ಭಾಷಣಗಳ ಹದಿನೆಂಟು ಸಂಪುಟ ಮೊದಲು ಹೋದವು.
ಹೊಗೆ ಬಹಳ, ಶಾಖ ಕಡಿಮೆ;
ಓದುವಾಗಲೂ ಹಾಗೇ ಇದ್ದವು.
ನಿಂತುಹೋದ ರೈಲುಗಳ ವೇಳಾಪಟ್ಟಿ ಹೋಯಿತು,
ಅವನ ಕಾಲೇಜಿನ ರಸಾಯನಶಾಸ್ತ್ರ ಹೋಯಿತು.
ಒಂದು ರಾತ್ರಿ ತ್ಸಿರಾಗೆ ಜ್ವರ, ಹಾಲು ಬೆಚ್ಚಗಾಗಬೇಕು.
ಕೈಗೆ ಸಿಕ್ಕ ಕಾದಂಬರಿಯ ರಟ್ಟು ಕಿತ್ತೆ,
ಹಿಂದಿನಿಂದ ನಲವತ್ತು ಪುಟ ಕಿತ್ತೆ.
ಹಾಲು ಕಾಯಿತು. ಮಗು ಕುಡಿದು ಮಲಗಿತು.

ಹಾಗಾಗಿ ನಮ್ಮ ಮನೆಯಲ್ಲಿ
ಗಡಿಯಾರ ರಿಪೇರಿ ಮಾಡುವ ಹೆಂಗಸೊಬ್ಬಳು
ಮೂರುನೂರ ಹನ್ನೆರಡನೇ ಪುಟದಲ್ಲಿ ನಿಂತಿದ್ದಾಳೆ,
ಕೈಯಲ್ಲಿ ಪೆಟ್ಟಿಗೆ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು:
"ಅವಳು ಬಾಗಿಲು ತೆರೆದಾಗ ಅಲ್ಲಿ"
ಅಷ್ಟೇ. ಅಲ್ಲಿ ಏನು, ದೇವರಿಗೇ ಗೊತ್ತು.

ವರ್ಷಕ್ಕೊಮ್ಮೆ ಅದನ್ನೇ ಓದುತ್ತೇವೆ,
ಆ "ಅಲ್ಲಿ"ಗೆ ಬಂದು ದೀಪ ಸಣ್ಣ ಮಾಡಿ ಕಟ್ಟುಕಥೆ ಶುರು.
ತ್ಸಿರಾ ಚಿಕ್ಕವಳಿದ್ದಾಗ ಬಾಗಿಲಾಚೆ ತಪ್ಪದೆ ಆಡು ಇರುತ್ತಿತ್ತು.
ನಾನು ಸಮುದ್ರ ಇಟ್ಟಿದ್ದೇನೆ, ಸತ್ತನೆಂದುಕೊಂಡ ತಮ್ಮನನ್ನು ಇಟ್ಟಿದ್ದೇನೆ,
ಮುನಿಸಿಕೊಂಡ ವರ್ಷ ಏನೂ ಇಡಲಿಲ್ಲ, ಬರೀ ಗೋಡೆ.
ಎಲಿಜ್ಬಾರನ ಕಥೆಯಲ್ಲಿ ಮಾತ್ರ
ಬಾಗಿಲಾಚೆ ಯಾವಾಗಲೂ ಯಾರೋ ಅಡುಗೆ ಮಾಡುತ್ತಿರುತ್ತಾರೆ.

ಹೋದ ತಿಂಗಳು ತ್ಸಿರಾ ಬಂದಳು.
ಬಿಳಿ ಸೇತುವೆಯ ಬಳಿ ಹಳೇ ಸಾಮಾನಿನವನಲ್ಲಿ ಸಿಕ್ಕಿತಂತೆ,
ರಟ್ಟು, ಹೆಸರು, ಕೊನೆ ಎಲ್ಲ ಇರುವ ಪ್ರತಿ.
"ಮೂರು ಲಾರಿ ಕೊಟ್ಟೆ" ಅಂದಳು, ಗೆದ್ದವಳ ಹಾಗೆ.
ಮುತ್ತಿಟ್ಟು, ಕಪಾಟಿನ ಮೇಲಿನ ಸಾಲಿನಲ್ಲಿಟ್ಟೆ.
ಇರಲಿ ಬಿಡು, ತೆಗೆಯುವುದು ಬೇಡ ಅಂದ ಎಲಿಜ್ಬಾರ್.
ಬೇಡ ಅಂದೆ ನಾನೂ.

ಮಂಗಳವಾರ ಅವನು ಬ್ರೆಡ್ಡಿಗೆ ಹೋದಾಗ
ಅಡುಗೆಮನೆಯಲ್ಲಿ ನಿಂತೇ ತೆರೆದೆ, ಕಳ್ಳಬೆಕ್ಕಿನ ಹಾಗೆ.
ಓದಿದೆ.
ಮುಚ್ಚುವಾಗ ಕಂಡಿತು:
ಕೊನೆಯ ಪುಟದಲ್ಲಿ ಒಂದು ಪಲಾವ್ ಎಲೆ,
ಪಕ್ಕದಲ್ಲಿ ಮೆಕ್ಕೆಜೋಳದ ಹಿಟ್ಟಿನ ಹೆಬ್ಬೆರಳು.
ನನ್ನದಲ್ಲ, ನನ್ನದು ಇಷ್ಟು ಅಗಲವಿಲ್ಲ.

ಇವತ್ತು ಸಂಜೆ ಮಂಜು ಇಳಿದಿದೆ,
ಹಳೇ ಹರಿದ ಪುಸ್ತಕ ಇಬ್ಬರ ಮೊಣಕಾಲ ಮೇಲೆ.
"ಅವಳು ಬಾಗಿಲು ತೆರೆದಾಗ ಅಲ್ಲಿ..."
ಅವನು ಕನ್ನಡಕ ಬಿಚ್ಚಿದ, ದಾರ ಸುತ್ತಿದ,
ನನ್ನ ಕಡೆ ನೋಡಲೇ ಇಲ್ಲ.
"ಅಲ್ಲಿ ಯಾರೋ ಅಕ್ರೋಟು ಅರೆಯುತ್ತಿದ್ದರು" ಅಂದ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ:
"ಬೆಳ್ಳುಳ್ಳಿ ಎಷ್ಟು ಹಾಕಿದ್ದರು?"